ನಡುವಿನ ಸೂಜಿ

ಓಶ್ ಪೇಟೆಯ ಹಿಂಬದಿ, ಹೊಳೆದಂಡೆಗೆ ಸಾಲಾಗಿ
ಕಬ್ಬಿಣದ ಕಂಟೇನರುಗಳು. ಆರನೆಯದು ನನ್ನದು.
ಅಕ್ಟೋಬರಿನ ಬೆಳಗ್ಗೆ ಬಾಗಿಲ ತಗಡು
ಮುಟ್ಟಿದರೆ ಬೆರಳು ಕಚ್ಚುತ್ತದೆ.

ಜುರಾಕಾನ್ ಬಂದಳು. ಕೈಯಲ್ಲಿ ಹಿಟ್ಟಿನ ಚೀಲ,
ಚೀಲದಲ್ಲಿ ಶಾಲು, ಶಾಲಿನೊಳಗೆ ಲ್ಯಾಪ್‌ಟಾಪು.
ಬೆಟ್ಟದ ಮೇಲಿನ ಅಕ್ರೋಟು ಸಂಘದ ಲೆಕ್ಕದವಳು.
ಒಂಬೈನೂರ ಹದಿನಾರು ಮೂಟೆ, ಯಾರದು ಎಷ್ಟು ತೂಕ,
ಯಾರಿಗೆ ಮುಂಗಡ, ಯಾರದರಲ್ಲಿ ಹುಳುಕು,
ಎಲ್ಲ ಇದರ ಹೊಟ್ಟೆಯಲ್ಲಿ.
"ಪ್ಲಗ್ಗು ಹಾಕಿದ್ದೇನೆ, ದೀಪ ಉರಿಯುತ್ತದೆ,
ಒಳಗೆ ಮಾತ್ರ ಏನೂ ಇಳಿಯುವುದಿಲ್ಲ, ಹಿಕ್ಮತ್"
ಅಂದಳು, ಉಣ್ಣದೆ ಹಟ ಹಿಡಿದ ಮಗುವಿನ ಮೇಲೆ
ದೂರು ತಂದವಳಂತೆ.

ಶೇಕಡಾ ಏಳು.

ಮೊದಲು ಚಹಾ. ಬಟ್ಟಲಿಗೆ ಅರ್ಧ ಸುರಿದೆ.
ನಮ್ಮಲ್ಲಿ ಹಾಗೆ: ಅರ್ಧ ಕೊಟ್ಟರೆ ಕೂತಿರು ಎಂದು,
ತುಂಬಿ ಕೊಟ್ಟರೆ ಕುಡಿದು ಹೊರಡು ಎಂದು.

ಗೋಡೆಯಿಂದಲೇ ಶುರು ಮಾಡಬೇಕು.
ಅವಳ ಮನೆಯ ಗೋಡೆ ಸುಳ್ಳು ಹೇಳಿರಬಹುದು,
ನನ್ನದು ಹೇಳುವುದಿಲ್ಲ, ಈಗಷ್ಟೇ ಕೆಟಲು ಕಾದದ್ದು ಅದರಲ್ಲೇ.
ತಂತಿಯನ್ನು ಗೇಣು ಗೇಣಾಗಿ ಬೆರಳಲ್ಲಿ ಸವರಿದೆ,
ಇಲಿಯ ಹಲ್ಲಿಲ್ಲ.
ತೂತಿಗೆ ಟಾರ್ಚು ಬಿಟ್ಟೆ: ಅಕ್ರೋಟು ಸಿಪ್ಪೆಯ ಕಂದು ಪುಡಿ.
ಹಲ್ಲುಕಡ್ಡಿಯಲ್ಲಿ ಕೆದಕಿ, ಊದಿ, ಮತ್ತೆ ಚುಚ್ಚಿದೆ.
ತೆಗೆದು ಹಾಕುವಷ್ಟರಲ್ಲಿ
ಆರು.

"ಬ್ಯಾಟರಿ ಹೊಸದು," ಅಂದಳು, ತಗ್ಗಿದ ದನಿಯಲ್ಲಿ,
"ಜಲಾಲಾಬಾದಿನವನು ಹಾಕಿದ, ಮೂರು ಸಾವಿರ ಸೋಮ್."
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಬಯ್ಯಲಿಲ್ಲ. ನಾನೂ ಎಳೆದಿದ್ದೇನೆ ಅಂಥ ಬರೆ
ಬಹಳ ಎಮ್ಮೆಗಳಿಗೆ.

ಮೀಟರಿನ ಮುಳ್ಳು ಹತ್ತೊಂಬತ್ತೂವರೆಗೆ ನಿಂತಿತು.
ಬರಬೇಕಾದದ್ದು ಬರುತ್ತಲೇ ಇದೆ, ಒಂದು ಹನಿ ಕಡಿಮೆಯಿಲ್ಲ.
ಪರದೆಯ ಮೂಲೆಯಲ್ಲಿ ರಷ್ಯನ್ನಿನಲ್ಲಿ ಅದೇ ಸಾಲು:
ಪ್ಲಗ್ ಇದೆ, ಚಾರ್ಜ್ ಆಗುತ್ತಿಲ್ಲ.

ಆಗ ಹೊಳೆಯಿತು.
ಈ ಜಾತಿಯ ಚಾರ್ಜರಿನ ತುದಿಯಲ್ಲಿ, ಕೊಳವೆಯ ನಡುವೆ,
ಒಂದು ತೆಳ್ಳನೆಯ ಸೂಜಿ.
ಅದು ಕರೆಂಟು ಹೊರುವುದಿಲ್ಲ. ಅದಕ್ಕಿರುವುದು ಒಂದೇ ಕೆಲಸ:
ನಾನು ಇಂಥವನು ಎಂದು ಹೇಳುವುದು.
ಅದರ ಎಳೆ ಕತ್ತಿನಲ್ಲಿ ತುಂಡಾಗಿದ್ದರೆ
ಯಂತ್ರ ಆ ಹೊತ್ತಿನ ಖರ್ಚಿಗಷ್ಟು ಇಸಿದುಕೊಳ್ಳುತ್ತದೆ,
ಕಣಜದ ಬಾಗಿಲು ಮಾತ್ರ ತೆಗೆಯುವುದಿಲ್ಲ
ಗುರುತಿಲ್ಲದವನಿಗೆ.

ಜುರಾಕಾನ್ ನಕ್ಕಳು. "ಸರಿಯಾಗೇ ಇದೆ ಅದರ ಬುದ್ಧಿ.
ಹೆಸರಿನ ಚೀಟಿಯಿಲ್ಲದ ಮೂಟೆ ನಾನೂ ತೂಗುವುದಿಲ್ಲ.
ಮೊನ್ನೆ ಮಮಾಸಾಲಿ ಮುದುಕನ ನಾಲ್ಕು ಮೂಟೆ
ವಾಪಸು ಕಳಿಸಿದೆ. ಮಳೆಗೆ ಚೀಟಿ ಉದುರಿತ್ತು."
ಬಟ್ಟಲನ್ನು ಅಂಗೈಯಲ್ಲಿ ತಿರುಗಿಸಿದಳು.
"ಗಂಟು ನೋಡಿದರೇ ಗೊತ್ತಾಗಿತ್ತು.
ಎಡಗೈಯ ಗಂಟು. ಇಡೀ ಬೆಟ್ಟದಲ್ಲಿ
ಹಾಗೆ ಕಟ್ಟುವವನು ಅವನೊಬ್ಬನೇ."

ನಾನು ಮಾತಾಡಲಿಲ್ಲ. ಬೆಸುಗೆ ಕಡ್ಡಿ ಕಾಯುತ್ತಿತ್ತು.
ಹಳೆಯ ಚಾರ್ಜರೊಂದರ ಕತ್ತು ಕತ್ತರಿಸಿ,
ಕರಿಗೆ ಕರಿ, ಬಿಳಿಗೆ ಬಿಳಿ, ಆಮೇಲೆ ಆ ನೀಲಿ ಎಳೆ,
ಕನ್ನಡಕದ ಮೇಲೆ ಕನ್ನಡಕವಿಟ್ಟು ಸೇರಿಸಿದೆ.
ರಾಳದ ಹೊಗೆ ಕಣ್ಣಿಗೆ ಹೋಯಿತು, ಇಬ್ಬರಿಗೂ.

ಚುಚ್ಚಿದೆ. ಒಂದು ಉಸಿರಿನಷ್ಟು ಹೊತ್ತು ಏನೂ ಇಲ್ಲ.
ಆಮೇಲೆ ಅಂಚಿನಲ್ಲಿ ಕಿತ್ತಳೆ ಚುಕ್ಕೆ.
ಆರು. ಆರು. ಆರು.
ಏಳು.

ರೂಢಿಯಂತೆ ಮತ್ತೆ ಅರ್ಧ ಸುರಿಯಹೋದೆ.
ಬಟ್ಟಲು ಸರಿಸದೆ ಹಿಡಿದೇ ಇದ್ದಳು:
"ತುಂಬಿಸಿಬಿಡು. ಮಧ್ಯಾಹ್ನದ ವ್ಯಾನು ಹಿಡಿಯಬೇಕು.
ಕತ್ತಲಾಗುವ ಮೊದಲು ಮುದುಕನ ಮನೆಗೆ ಹೋಗಬೇಕು."

ಮುನ್ನೂರು ಕೇಳಿದ್ದೆ. ಇನ್ನೂರೈವತ್ತು ಕೊಟ್ಟು
ಉಳಿದದ್ದಕ್ಕೆ ಒಂದು ಬೊಗಸೆ ಅಕ್ರೋಟು ಸುರಿದು ಹೋದಳು.
ಸಂಜೆ ಸುತ್ತಿಗೆಯಲ್ಲಿ ಒಡೆದು ತಿಂದೆ.
ಎರಡು ಟೊಳ್ಳು.